ಕತ್ತಲೆ ಕೋಣೆಯ ಏಳು ಚಿತ್ರಗಳು

ಮೊದಲಿಗೆ ಓದುಗರ ಅವಗಾಹನೆಗೆ ತರಬಯಸುವುದೇನೆಂದರೆ, ಕಚೇರಿಯ ವರದಿಗಳನ್ನು ಬಿಟ್ಟು ಬೇರೇನನ್ನೂ ಬರೆದು ನನಗೆ ರೂಢಿಯಿಲ್ಲ. ಇಲ್ಲಿಯೂ ಅದೇ ಧಾಟಿ ಕಂಡುಬಂದಲ್ಲಿ ದಯವಿಟ್ಟು ಮನ್ನಿಸಬೇಕು. ನಾನು ಬರೆದ ವರದಿಗಳ ಪೈಕಿ ಒಂದರಿಂದ ಒಬ್ಬ ಹೆಂಗಸಿನ ಕೆಲಸ ಹೋಯಿತು. ಆ ವರದಿಯಲ್ಲಿ ಸುಳ್ಳೆಂಬುದು ಒಂದು ಅಕ್ಷರವೂ ಇರಲಿಲ್ಲ. ಬರೆಯಬೇಕಾಗಿದ್ದ ಕೆಲವು ವಾಕ್ಯಗಳು ಮಾತ್ರ ಇರಲಿಲ್ಲ.

ಎಂಬತ್ತರ ದಶಕದ ಉತ್ತರಾರ್ಧದಲ್ಲಿ ನಾನು ಹೊಸೂರಿನಿಂದ ಸೂಳಗಿರಿಗೆ ಹೋಗುವ ದಾರಿಯಲ್ಲಿದ್ದ ಒಂದು ಸಣ್ಣ ಪ್ರಯೋಗಾಲಯದಲ್ಲಿ ತಾಂತ್ರಿಕ ಸಹಾಯಕನಾಗಿದ್ದೆ. ರೇಷ್ಮೆ ಮೊಟ್ಟೆಗಳನ್ನು ಪರೀಕ್ಷಿಸಿ, ಹದಕ್ಕೆ ತಂದು, ಸುತ್ತಲಿನ ಹುಳು ಸಾಕುವವರಿಗೆ ಒದಗಿಸುವುದು ನಮ್ಮ ಕೆಲಸವಾಗಿತ್ತು. ಮೇಲಧಿಕಾರಿಗಳು ತಮಿಳು ಸೀಮೆಯವರು. ಕನ್ನಡವನ್ನು ನಮ್ಮಿಂದಲೇ ಕಲಿತಿದ್ದರು. ಮೊಟ್ಟೆ ಕೋಣೆಯನ್ನು ನೋಡಿಕೊಳ್ಳುತ್ತಿದ್ದವರು ಗುಮ್ಮಳಾಪುರದ ಕಡೆಯಿಂದ ಬರುತ್ತಿದ್ದ, ನನ್ನ ತಾಯಿಯ ವಯಸ್ಸಿನ ಒಬ್ಬ ಹೆಂಗಸು. ನಾನು ಅವರನ್ನು ಅಮ್ಮ ಎಂದೇ ಕರೆಯುತ್ತಿದ್ದೆ. ಆ ಕೋಣೆಯ ಬೀಗದ ಕೈ ಅವರ ಸೊಂಟದಲ್ಲಿರುತ್ತಿತ್ತು.

ಮೊಟ್ಟೆಯ ವಿಚಾರವಾಗಿ ಒಂದು ಸಂಗತಿಯನ್ನು ಇಲ್ಲಿಯೇ ನಿವೇದಿಸುವುದು ಅಗತ್ಯ. ಹುಳು ಹೊರಬರಲು ಎರಡು ದಿನವಿದೆ ಎನ್ನುವಾಗ ಮೊಟ್ಟೆ ನೀಲಿಗೆ ತಿರುಗುತ್ತದೆ. ಆಗ ಅದನ್ನು ಕತ್ತಲೆಗೆ ಇಡಬೇಕು. ಬೆಳಕು ಕಾಣದ ಹುಳು ಚಿಪ್ಪಿನೊಳಗೆ ಕಾಯುತ್ತದೆ. ಮೂರನೆಯ ಬೆಳಿಗ್ಗೆ ದೀಪ ಹಾಕಿದರೆ, ಹಿಂದುಳಿದದ್ದು ಮುಂದೆ ಹೋದದ್ದು ಎಂಬ ಭೇದವಿಲ್ಲದೆ, ಒಂದೆರಡು ಗಂಟೆಯೊಳಗೆ ಎಲ್ಲವೂ ಒಟ್ಟಿಗೆ ಹೊರಬರುತ್ತವೆ. ಅವಕ್ಕೆ ಬೆಳಕೆಂದರೆ ಅಪ್ಪಣೆ.

ನಮ್ಮಲ್ಲಿ ಒಂದು ಕಂಪ್ಯೂಟರ್ ಇತ್ತು. ಮೊಟ್ಟೆ ಕೋಣೆಯ ಶಾಖ ಮತ್ತು ತೇವವನ್ನು ತಂತಿಯ ಮೂಲಕ ತಿಳಿದು ಬರೆದಿಡುವುದಷ್ಟೇ ಅದರ ಕೆಲಸ. ಮೊಟ್ಟೆ ಬಣ್ಣ ಬದಲಿಸುವುದನ್ನು ಚಿತ್ರದಲ್ಲಿ ಹಿಡಿಯಬೇಕೆಂದು ಅಧಿಕಾರಿಗಳು ಬಯಸಿದ ಮೇರೆಗೆ ಬೆಂಗಳೂರಿನಿಂದ ಒಬ್ಬ ಎಂಜಿನಿಯರು ಬಂದರು. ಅವರು ಮೊಟ್ಟೆ ಹಾಳೆಗಳ ಎದುರಿಗೆ ನಿಲ್ಲಿಸಲು ಒಂದು ಕ್ಯಾಮರಾವನ್ನೂ ಒಂದು ಫ್ಲಾಪಿಯಲ್ಲಿ ಪುಟ್ಟ ಪ್ರೋಗ್ರಾಮನ್ನೂ ತಂದಿದ್ದರು. ಹಳೆಯ ಪ್ರೋಗ್ರಾಮಿಗೆ ಅದನ್ನು ಜೋಡಿಸಿದರೆ ಕಂಪ್ಯೂಟರು ಕ್ಯಾಮರಾಕ್ಕೂ ಆಜ್ಞೆ ಕೊಡುತ್ತಿತ್ತು: ಅರ್ಧ ಗಂಟೆಗೊಂದು ಚಿತ್ರ, ಚಿತ್ರಕ್ಕೊಂದು ಫ್ಲಾಶ್, ತಾನೇ ರೀಲು ಮುಂದಕ್ಕೆ.

"ಕರೆಂಟ್ ಹೋಗಿ ಬಂದ್ರೆ?" ಎಂದು ನಾನು ಕೇಳಿದೆ.

"ನಿಂತೋಗತ್ತೆ. ನೀವು ಬಂದು ಮತ್ತೆ ಶುರು ಮಾಡ್ಬೇಕು."

"ಭಾನುವಾರಾನೂ ಬರ್ಬೇಕಾ?"

"ಭಾನುವಾರ ಅಂತ ಕ್ಯಾಮರಾಗೆ ಗೊತ್ತಾಗತ್ತಾ ಸಾರ್?" ಎಂದು ಅವರು ನಕ್ಕರು. ನನ್ನ ಒತ್ತಾಯಕ್ಕೆ ಮಣಿದು, ಕರೆಂಟು ಬಂದೊಡನೆ ಚಿತ್ರ ತೆಗೆಯುವ ಕೆಲಸ ತಾನಾಗಿಯೇ ಮೊದಲಾಗುವಂತೆ ಎರಡು ಸಾಲು ಸೇರಿಸಿಕೊಟ್ಟರು. ಅಧಿಕಾರಿಗಳಿಗೆ ನಾನು ಈ ವಿಷಯ ತಿಳಿಸಲಿಲ್ಲ. ತಿಳಿಸುವಂಥದ್ದೇನಿದೆ ಎಂದುಕೊಂಡೆ.

ಅಮ್ಮ ಆ ಕ್ಯಾಮರಾಕ್ಕೆ ಒಕ್ಕಣ್ಣ ಎಂದು ಹೆಸರಿಟ್ಟರು. ಅದು ಇರುವ ಕಡೆಗೆ ಬೆನ್ನು ಹಾಕಿ ಕೆಲಸ ಮಾಡುತ್ತಿರಲಿಲ್ಲ. "ಕೈ ಇಲ್ಲ, ಕಾಲಿಲ್ಲ, ರೆಪ್ಪೆ ಮಾತ್ರ ಹೊಡೀತದೆ. ಇಂಥದ್ನ ನಂಬಬಾರ್ದು ಕಣಪ್ಪ" ಎನ್ನುತ್ತಿದ್ದರು. ನಾನು ನಗುತ್ತಿದ್ದೆ.

ಒಂದು ಶನಿವಾರ ಬೆಳಿಗ್ಗೆ ಮೊಟ್ಟೆಗಳನ್ನು ಕತ್ತಲೆಗೆ ಇಟ್ಟೆವು. ಕಿಟಕಿಯಿಲ್ಲದ ಕೋಣೆ, ಬಾಗಿಲ ಒಳಬದಿಗೆ ಕಪ್ಪು ಬಟ್ಟೆ. ನಾನು ಚಿತ್ರ ತೆಗೆಯುವ ಪ್ರೋಗ್ರಾಮನ್ನು ನಿಲ್ಲಿಸಿದೆ. ನಿಂತಿತೆಂದು ಕಂಪ್ಯೂಟರಿನ ಪರದೆಯ ಮೇಲೆ ಬಂತು. ಕ್ಯಾಮರಾದ ಎಣಿಕೆ ಇಪ್ಪತ್ತೊಂಬತ್ತರಲ್ಲಿತ್ತು. ಅಭ್ಯಾಸದಂತೆ ಪರದೆಯನ್ನಷ್ಟೇ ಆರಿಸಿ ಮನೆಗೆ ಹೋದೆ. ಶಾಖ ತೇವಗಳ ಲೆಕ್ಕ ಮುಂದುವರಿಯಬೇಕಾದ್ದರಿಂದ ಯಂತ್ರವನ್ನು ಆರಿಸುವ ಪದ್ಧತಿ ಇರಲಿಲ್ಲ.

ಸೋಮವಾರ ನಾನು ಹೋದಾಗ ಅಮ್ಮ ಮೆಟ್ಟಿಲ ಮೇಲೆ ಕುಳಿತಿದ್ದರು.

"ಅಪ್ಪಾ, ನಿನ್ನೆ ಮಧ್ಯಾಹ್ನ ಏನಾದ್ರೂ ಬಂದಿದ್ಯಾ?"

"ಇಲ್ಲಮ್ಮ. ಯಾಕೆ?"

"ಒಳಗೆ ಯಾರೋ ಅವ್ರೆ ಅನ್ನುಸ್ತು. ಕರೆಂಟು ಹೋಗಿ ಬಂದಿತ್ತು. ಬಾಗ್ಲು ಮುಂದೆ ಕಟ್ಟಿರೋ ಗೋಣಿಗೆ ನೀರು ಚಿಮುಕಿಸ್ತಿದ್ದೆ. ಬಾಗ್ಲಡೀಲಿ ಬೆಳಕು ಬಂತು, ಹೋಯ್ತು. ಹೊತ್ತು ಬಿಟ್ಟು ಹೊತ್ತು, ಸಂಜೆಗಂಟ ಏಳು ಸತಿ. ಆಮ್ಯಾಕೆ ಸುಮ್ಕಾಗೋಯ್ತು."

"ಬಿಸಿಲಿರಬೇಕು."

"ಬಿಸ್ಲು ಒಳಗ್ನಿಂದ ಬತ್ತದಾ?"

"ತೆಗೆದು ನೋಡೋದಲ್ವಾ?"

"ಕತ್ಲೆಗಿಟ್ಟ ಮ್ಯಾಲೆ ತೆಗೀಬಾರ್ದು ಅಂತ ಯೋಳ್ದೋನು ನೀನೇ ಅಲ್ವಾ."

ಅವರು ಬೀಗ ತೆಗೆದರು. ಬಾಗಿಲಿನಿಂದ ಬಂದ ಅರೆಬೆಳಕಿನಲ್ಲಿ ನಾನು ಮೊದಲು ನೋಡಿದ್ದು ಕ್ಯಾಮರಾದ ಎಣಿಕೆಯನ್ನು. ಮೂವತ್ತಾರು. ರೀಲು ಮುಗಿದಿತ್ತು. ಇಪ್ಪತ್ತೊಂಬತ್ತಕ್ಕೆ ಏಳು ಕೂಡಿಸುವುದಕ್ಕೆ ನನಗೆ ಬಹಳ ಹೊತ್ತು ಹಿಡಿಯಿತು.

ಅನಂತರ ಮೊಟ್ಟೆ ಹಾಳೆಗಳ ಕಡೆಗೆ ತಿರುಗಿದೆ. ಚೌಕಟ್ಟಿಗೆ ಓರೆಯಾಗಿ ನಿಲ್ಲಿಸಿದ್ದ ಹಾಳೆಗಳು ಕಪ್ಪಾಗಿದ್ದವು, ಮತ್ತು ಆ ಕಪ್ಪು ಅಲುಗಾಡುತ್ತಿತ್ತು. ನಿನ್ನೆಯೇ ಹೊರಬಂದು, ಸೊಪ್ಪು ಕಾಣದೆ, ಕೂದಲೆಳೆಯಂಥ ಹುಳುಗಳು ಹಾಳೆಯ ಅಂಚಿನಿಂದಾಚೆ ಬಾಗಿಲಿನ ಬಟ್ಟೆಯವರೆಗೂ ಹರಿದಿದ್ದವು. ಸಪ್ಪಳವೆಂಬುದೇ ಇರಲಿಲ್ಲ. ಮುಂದಿನ ಹಾಳೆಯ ನಡುವೆ ಮಾತ್ರ ಒಂದು ಗೆರೆಯಷ್ಟು ಮೊಟ್ಟೆಗಳು ಒಡೆಯದೆ ನೀಲಿಯಾಗಿ ಉಳಿದಿದ್ದವು. ನೇರವಾದ ಗೆರೆ, ಅದರ ಕೆಳತುದಿಯಲ್ಲಿ ಸಣ್ಣದೊಂದು ಗುಂಡು.

ನಾನು ತಲೆಯೆತ್ತಿದೆ. ಹಾಳೆಗೂ ಕ್ಯಾಮರಾಕ್ಕೂ ನಡುವೆ ಥರ್ಮಾಮೀಟರು ತೂಗುತ್ತಿತ್ತು. ಅದರ ನೆರಳು ಬಿದ್ದಲ್ಲಿ ಹುಳುಗಳು ಇನ್ನೂ ಅಪ್ಪಣೆಗಾಗಿ ಕಾಯುತ್ತಿದ್ದವು. ಬಾಗಿಲು ಇದ್ದದ್ದು ಹಾಳೆಗಳ ಹಿಂಬದಿಗೆ. ಯಾರಾದರೂ ಬಾಗಿಲು ತೆಗೆದಿದ್ದರೆ ನೆರಳು ಅಲ್ಲಿ ಬೀಳುವುದು ಸಾಧ್ಯವೇ ಇರಲಿಲ್ಲ.

ನಾನು ದೀಪ ಹಾಕಿದೆ.

ಸೋಮವಾರ ಬೆಳಿಗ್ಗೆ ದೀಪ ಹಾಕುವುದು ನಿಯಮವೇ ಆಗಿತ್ತು. ಅಧಿಕಾರಿಗಳು ಬರಲು ಎರಡು ಗಂಟೆ ಇತ್ತು. ನೆರಳಿನಲ್ಲಿದ್ದ ಮೊಟ್ಟೆಗಳೂ ಒಂದೊಂದಾಗಿ ಒಡೆದವು. ಅವರು ಬಂದು ನೋಡುವ ವೇಳೆಗೆ ಹಾಳೆಯ ಮೇಲೆ ಗೆರೆ ಇರಲಿಲ್ಲ, ರೀಲು ನನ್ನ ಜೇಬಿನಲ್ಲಿತ್ತು.

"ಏನಮ್ಮಾ, ಕದ ತೆಗೆದಿದ್ದು ಯಾರು? ಸಾವಿ, ಬೀಗದ ಕೈ, ನಿನ್ನ ಸೊಂಟದಲ್ಲೇ ತಾನೇ ಇರೋದು?"

"ತೆಗೀಲಿಲ್ಲ ಸಾಮಿ. ಒಳಗೇ ಬೆಳಕು ಬಂತು."

"ಒಳಗೆ ಯಾರು ಇದ್ದರು, ಪೇಯಾ?"

ದೆವ್ವವೇ ಎಂದು ಅವರು ಕೇಳಿದ್ದು. ಅಮ್ಮ ನನ್ನನ್ನು ನೋಡಿದರು. ಹಸಿದು ಸೊರಗಿದ ಹುಳುಗಳನ್ನು ಯಾರಿಗೂ ಕೊಡುವಂತಿರಲಿಲ್ಲ; ಒಂದು ತಂಡದ ಅಷ್ಟೂ ಮೊಟ್ಟೆ ಹಾಳೆಗಳನ್ನು ಹಿತ್ತಲಿನಲ್ಲಿ ಸುಡಬೇಕಾಯಿತು.

ವರದಿ ಬರೆಯುವ ಕೆಲಸ ನನಗೆ ಬಂತು. ಕೋಣೆಯ ಬೀಗದ ಕೈ ಸದರಿ ಕೆಲಸಗಾರ್ತಿಯ ವಶದಲ್ಲಿತ್ತು. ಭಾನುವಾರ ಆವರಣದಲ್ಲಿ ಆಕೆಯ ಹೊರತು ಬೇರಾರೂ ಇರಲಿಲ್ಲ. ಕತ್ತಲೆಯ ಅವಧಿಯಲ್ಲಿ ಮೊಟ್ಟೆಗಳ ಮೇಲೆ ಬೆಳಕು ಬಿದ್ದಿರುವುದು ಸ್ಪಷ್ಟವಾಗಿದೆ. ಇಷ್ಟನ್ನು ಇಂಗ್ಲಿಷಿನಲ್ಲಿ ಬರೆದೆ. ಚೆನ್ನಾಗಿ ಬಂದಿದೆ ಎಂದು ಅಧಿಕಾರಿಗಳು ಹೇಳಿದರು. ಅದನ್ನು ಅವರು ತಮಿಳಿನಲ್ಲಿ ಓದಿ ಹೇಳಿದಾಗ ಅಮ್ಮ ಬೀಗದ ಕೈಯನ್ನು ಸೊಂಟದಿಂದ ಬಿಚ್ಚಿ ಮೇಜಿನ ಮೇಲಿಟ್ಟು ಹೊರಟುಹೋದರು.

ಆಮೇಲೆ ಮೊಟ್ಟೆ ಕೋಣೆಯನ್ನು ನಾನೇ ನೋಡಿಕೊಳ್ಳಬೇಕಾಯಿತು. ಗೋಣಿಗೆ ನೀರು ಚಿಮುಕಿಸುವಾಗ, ಬೇಡವೆಂದರೂ ಕಣ್ಣು ಬಾಗಿಲಿನಡಿಗೆ ಹೋಗುತ್ತಿತ್ತು. ಪ್ರೋಗ್ರಾಮಿನ ಆ ಎರಡು ಸಾಲುಗಳನ್ನು ತೆಗೆದುಹಾಕಿಸಿದ್ದೆ, ಕ್ಯಾಮರಾದ ತಂತಿಯನ್ನೂ ಕಿತ್ತಿದ್ದೆ. ಆದರೂ ಒಂದು ಮಧ್ಯಾಹ್ನ, ಕರೆಂಟು ಹೋಗಿ ಬಂದ ತರುವಾಯ, ಬಾಗಿಲಿನಡಿಯ ಸಂದಿಯಲ್ಲಿ ಬಿಳಿಯ ಗೆರೆಯೊಂದು ಮೂಡಿ ಅಳಿಸಿಹೋದದ್ದನ್ನು ಕಂಡೆ. ಇದಕ್ಕೆ ನನ್ನಲ್ಲಿ ವಿವರಣೆಯಿಲ್ಲ, ಕೊಡಲೂ ಪ್ರಯತ್ನಿಸುವುದಿಲ್ಲ. ಏಳು ಬಾರಿ ಆಗುವುದೇ ಎಂದು ಎಣಿಸುತ್ತ ನಿಂತಿದ್ದೆ. ಒಂದೇ ಬಾರಿ ಆಯಿತು.

ಮರುದಿನ ಆ ರೀಲನ್ನು ಕೃಷ್ಣಗಿರಿಗೆ ಒಯ್ದು, ಗುರುತಿಲ್ಲದ ಒಂದು ಸ್ಟುಡಿಯೋದಲ್ಲಿ ಕೊಟ್ಟೆ. ಚಿತ್ರಗಳನ್ನು ಕೈಗಿಡುವಾಗ ಸ್ಟುಡಿಯೋದವರು ಕೇಳಿದರು: "ರೂಮ್‌ನಾಗೆ ಯಾರೂ ಇಲ್ವಲ್ಲ ಸಾರ್. ತೆಗೆದೋರು ಯಾರು?"

ಕೊನೆಯ ಏಳು ಚಿತ್ರಗಳಲ್ಲಿಯೂ ಹಾಳೆಗಳ ಹಿಂದೆ ಮುಚ್ಚಿದ ಬಾಗಿಲಿದೆ, ಬಾಗಿಲ ಬಟ್ಟೆ ಒಂದು ಮಡಿಕೆಯೂ ಕದಲಿಲ್ಲ. ಮೊದಲಿನ ಚಿತ್ರಗಳಲ್ಲಿ ಮೊಟ್ಟೆಗಳಷ್ಟೇ. ಏಳನೆಯದರಲ್ಲಿ ಹುಳುಗಳು ಹೊರಬಂದಿದ್ದು, ಎಲ್ಲವೂ ತಲೆಯೆತ್ತಿ ಕ್ಯಾಮರಾದ ಕಡೆಗೇ ನೋಡುತ್ತಿವೆ. ಆ ಒಂದು ಚಿತ್ರವನ್ನು ನಾನು ಮೊಗಚಿ ಇಟ್ಟುಕೊಂಡೆ.

ಭಾನುವಾರ ಗುಮ್ಮಳಾಪುರಕ್ಕೆ ಹೋದೆ. ಅಮ್ಮ ಹೊಸ್ತಿಲಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಚಿತ್ರಗಳನ್ನು ಒಂದೊಂದಾಗಿ ಬಿಸಿಲಿಗೆ ಹಿಡಿದು ನೋಡಿದರು.

"ಇದ್ರಾಗೆ ನಾನೆಲ್ಲಿವ್ನಿ?"

"ನೀವಿಲ್ಲಮ್ಮ. ಅದಕ್ಕೇ ತಂದೆ."

"ಇಲ್ದೋಳ್ನ ತೋರ್ಸಕ್ಕೆ ಇಷ್ಟು ದೂರ ಬಂದ್ಯಾ." ಚಿತ್ರಗಳನ್ನು ಪಕ್ಕಕ್ಕಿಟ್ಟು ಮತ್ತೆ ಅವರೆಕಾಯಿ ಕೈಗೆತ್ತಿಕೊಂಡರು. "ಆವತ್ತು ಹಾಳೆ ಮ್ಯಾಲೊಂದು ಗೀಟಿತ್ತು. ನೀನು ಅದ್ನ ನೋಡ್ದೆ, ಮ್ಯಾಕೆ ನೋಡ್ದೆ, ದೀಪ ಹಾಕ್ದೆ. ನಾನು ನಿನ್ನ ಹಿಂದೇನೇ ನಿಂತಿದ್ದೆ ಕಣಪ್ಪ."

"ಸಾಹೇಬರ ಮುಂದೆ ಯಾಕೆ ಹೇಳ್ಲಿಲ್ಲ?"

"ನೀನು ಯೋಳ್ತೀಯ ಅಂತ ಕಾದೆ."

ಮಾರನೆಯ ದಿನ ನಾನು ಎರಡನೆಯ ಪತ್ರ ಬರೆದೆ. ಮೊದಲ ವರದಿಯ ವಾಕ್ಯಗಳನ್ನೇ ಇಟ್ಟುಕೊಂಡು, ಬೆಳಕು ಬಿದ್ದುದರ ಹೊಣೆ ಅಮ್ಮನದಲ್ಲ, ನನ್ನದು ಎಂದು ಸೇರಿಸಿ, ಎರಡು ಸಾಲು ಪ್ರೋಗ್ರಾಮಿನ ವಿಷಯ ವಿವರಿಸಿ, ಚಿತ್ರಗಳನ್ನು ಲಗತ್ತಿಸಿದೆ. ಅಧಿಕಾರಿಗಳು ಬಹಳ ಹೊತ್ತು ಓದಿ, ನನ್ನನ್ನು ನೋಡದೆ ಸಹಿ ಹಾಕಿದರು. ನನ್ನನ್ನು ಕಂಪ್ಯೂಟರಿನ ಕೆಲಸದಿಂದ ಬಿಡಿಸಿದರು. ಕೆಲಸಕ್ಕೆ ಮರಳಬೇಕೆಂದು ಅಮ್ಮನಿಗೆ ಹೇಳಿಕಳುಹಿಸಿದರು. ಹೇಳಲು ಹೋದವನು ನಾನೇ.

"ಒಕ್ಕಣ್ಣ ಅಲ್ಲೇ ಅವ್ನಾ?" ಎಂದು ಕೇಳಿದರು.

"ಇದೆ. ಆದರೆ ತಂತಿ ಕಿತ್ತಿದ್ದೀನಿ."

"ಅವನ ಮಾತಲ್ಲ ಬಿಡು" ಎಂದು ನನ್ನ ಮುಖ ನೋಡಿ, ಒಳಗೆ ಹೋದರು. ಬರಲಿಲ್ಲ.

ಎರಡನೆಯ ಪತ್ರದಲ್ಲಿಯೂ ಥರ್ಮಾಮೀಟರಿನ ನೆರಳಿನ ಬಗ್ಗೆ ನಾನು ಬರೆದಿರಲಿಲ್ಲ. ದೀಪ ಹಾಕುವುದು ನಿಯಮವಾಗಿತ್ತಷ್ಟೆ. ಅದನ್ನು ತಪ್ಪೆಂದು ಬರೆಯಲು ಯಾವ ಕಲಮಿನಡಿ ಬರೆಯಬೇಕೆಂದು ತಿಳಿಯಲಿಲ್ಲ. ಇಲ್ಲಿ ಬರೆದಿದ್ದೇನೆ. ಆ ನೆರಳನ್ನು ಕಂಡ ಮೇಲೆ, ಹಿಂದೆ ಅಮ್ಮ ನಿಂತಿದ್ದಾರೆಂಬುದನ್ನು ಅರಿಯದೆ, ನಾನು ದೀಪ ಹಾಕಿದೆ.