ಹಳಿಯ ಮುಂದೆ ನಿಂತ ವರ್ನಾ

ವರ್ನಾ ಡೆಕ್ಕರ್ ಶಾಲಾ ಬಸ್ಸು ಓಡಿಸುವವಳು. ನ್ಯೂಯಾರ್ಕ್ ರಾಜ್ಯದ್ದೇ ಆದರೂ ಆ ಮಹಾನಗರದ ಗಾಳಿಯೂ ಸೋಕದ ನಮ್ಮ ಊರಿನಲ್ಲಿ ಅರ್ಧ ಜನ ಅವಳ ಬಸ್ಸಿನಲ್ಲೇ ಅಕ್ಷರ ಕಲಿಯಲು ಹೋದವರು. ಗಲಾಟೆ ಮಾಡುವ ಮಕ್ಕಳನ್ನು ಅವಳು ಗದರುವುದಿಲ್ಲ. ಕನ್ನಡಿಯಲ್ಲಿ ಒಮ್ಮೆ ನೋಡುತ್ತಾಳೆ, ಸಾಕು.

ಮಕ್ಕಳ ಬಸ್ಸು ರೈಲು ಹಳಿ ದಾಟುವ ಮುನ್ನ ನಿಲ್ಲಬೇಕು, ಬಾಗಿಲು ತೆರೆದು ಕಿವಿಗೊಡಬೇಕು. ಅದು ಕಾನೂನು. ಆದರೆ ವರ್ನಾಳ ಕಾಲಿಗೆ ಬಸ್ಸು ಯಾವುದು, ಸ್ವಂತ ಪಿಕಪ್ ಗಾಡಿ ಯಾವುದು ಎಂಬ ಭೇದವಿಲ್ಲ. ದಿನಸಿ ತರಲು ಹೊರಟರೂ ಕ್ರೀಮರಿ ರಸ್ತೆಯ ಹಳಿಯ ಮುಂದೆ ನಿಂತು, ಕಿಟಕಿ ಇಳಿಸಿ, ಎರಡೂ ಕಡೆ ನೋಡಿಯೇ ಮುಂದೆ ಹೋಗುತ್ತಾಳೆ. ಅಲ್ಲಿ ರೈಲು ಬಂದು ಯಾವ ಕಾಲವಾಯಿತೋ, ಹಳಿಗಳ ನಡುವೆ ಗಿಡ ಬೆಳೆದಿದೆ. ಗಂಡ ಲೈಲ್ ಪಕ್ಕದಲ್ಲಿ ಕೂತು "ಬಂತಾ ರೈಲು?" ಎಂದು ಕೆಣಕುವುದೂ, ಅವಳು ಉತ್ತರ ಕೊಡದಿರುವುದೂ ಅವರ ದಾಂಪತ್ಯದ ಒಂದು ಭಾಗ.

ಏಪ್ರಿಲಿನಲ್ಲಿ ಪಿಕಪ್ಪಿನಲ್ಲಿ ಹೀಗೆ ನಿಂತಾಗ ಹಿಂದೆ ಬರುತ್ತಿದ್ದ ಹಾಲಿನ ಟ್ಯಾಂಕರ್ ಗಕ್ಕನೆ ಬ್ರೇಕ್ ಹಾಕಿ, ಒಂದು ಚಕ್ರವನ್ನು ಚರಂಡಿಗೆ ಇಳಿಸಿತು. ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಊರಿಗೆ ಹೊಸಬನಾದ ಪೊಲೀಸಿನವನು, ಕಾರಣವಿಲ್ಲದೆ ರಸ್ತೆಗೆ ಅಡ್ಡ ನಿಂತಳೆಂದು ಕೋರ್ಟಿಗೆ ಬರಲು ದಂಡದ ಟಿಕೆಟ್ ಬರೆದ. ತಪ್ಪು ಸಾಬೀತಾದರೆ ಲೈಸೆನ್ಸಿನ ಮೇಲೆ ಎರಡು ಪಾಯಿಂಟ್, ಅಂದರೆ ಎರಡು ಕಪ್ಪು ಗುರುತು. ಬೇರೆಯವರಿಗೆ ಅದು ಸೊಳ್ಳೆ ಕಡಿತ. ಅವಳ ಬಸ್ ಕಂಪನಿಯಲ್ಲಿ ಮಾತ್ರ ಪಾಯಿಂಟ್ ಬಿದ್ದ ಚಾಲಕರನ್ನು ಮಕ್ಕಳ ಬಸ್ಸಿನಿಂದ ಇಳಿಸಿಬಿಡುತ್ತಾರೆ.

ನಮ್ಮೂರ ಕೋರ್ಟಿನಲ್ಲಿ ಇದಕ್ಕೊಂದು ಹಳೆಯ ಮದ್ದಿದೆ. ಸರ್ಕಾರಿ ವಕೀಲರು ಮೊದಲೇ ಪಕ್ಕಕ್ಕೆ ಕರೆದು, ತಪ್ಪು ಜಾಗದಲ್ಲಿ ಪಾರ್ಕ್ ಮಾಡಿದ್ದೆ ಎಂದು ಒಪ್ಪಿಕೊಳ್ಳಿ ಅನ್ನುತ್ತಾರೆ. ಪಾರ್ಕಿಂಗಿಗೆ ಪಾಯಿಂಟಿಲ್ಲ, ದಂಡ ಕಟ್ಟಿದರೆ ಮುಗಿಯಿತು. ಬಾಣದಂತೆ ಕಾರು ಓಡಿಸಿ ಸಿಕ್ಕಿಬಿದ್ದವರೂ ಪಾರ್ಕ್ ಮಾಡಿದ್ದೆವೆಂದು ಗಂಭೀರವಾಗಿ ಸಹಿ ಹಾಕುತ್ತಾರೆ. ಊರಿನ ಪಾದ್ರಿಯೂ ಹಾಕಿದ್ದಾರೆ.

ವರ್ನಾಳ ಕೇಸು ಬಂದ ಸಂಜೆ ಸರ್ಕಾರಿ ವಕೀಲೆ ಕಾರ್ಲಾ ರುಸ್ಸೋ ಅದನ್ನೇ ಮುಂದಿಟ್ಟಳು. ವರ್ನಾ ಒಲ್ಲೆನೆಂದಳು.

"ನೀವು ನಿಂತಿದ್ದಂತೂ ನಿಜ ತಾನೇ? ಮಿಕ್ಕವರ ಥರ ಇದು ಪೂರ್ತಿ ಸುಳ್ಳೂ ಅಲ್ಲ," ಎಂದಳು ರುಸ್ಸೋ.

"ಪಾರ್ಕ್ ಮಾಡೋದು ಅಂದ್ರೆ ಗಾಡಿ ಬಿಟ್ಟು ಮರೆತುಬಿಡೋದು ಕಣಮ್ಮ. ನಾನು ಮರೆತಿರ್ಲಿಲ್ಲ, ಕಿವಿಗೊಟ್ಟು ಕೂತಿದ್ದೆ."

ಲೈಲ್ ಹಣೆ ಚಚ್ಚಿಕೊಂಡ. ಒಂದು ಸಹಿಗೆ ಕೆಲಸ ಉಳಿಯುತ್ತಿರುವಾಗ ಇದೇನು ಹಟ ಎಂದು ಗೊಣಗಿದ. ಅವಳಿಗೂ ಭಯವಿತ್ತು. ಬಸ್ಸಿಲ್ಲದ ಬೆಳಗನ್ನು ಅವಳು ಊಹಿಸಿಕೊಳ್ಳಲಾರಳು. ಕೈಚೀಲದ ಪಟ್ಟಿಯನ್ನು ಬೆರಳಿಗೆ ಸುತ್ತುತ್ತಿದ್ದಳು, ಬಿಚ್ಚುತ್ತಿದ್ದಳು.

ವಿಚಾರಣೆ ಶುರುವಾದಾಗ ಪೊಲೀಸಿನವನು ಕಂಡದ್ದನ್ನು ಕಂಡಂತೆ ಹೇಳಿದ. ಅಷ್ಟೂ ನಿಜವೆಂದು ವರ್ನಾ ಒಪ್ಪಿದಳು. ಹಗಲು ಹಸು ಸಾಕಿ ಸಂಜೆ ತೀರ್ಪು ಕೊಡುವ ನಮ್ಮ ನ್ಯಾಯಾಧೀಶ ಆರ್ಲೋ ಪ್ರೀಬಿ, ಅವಳಿಗೊಂದು ದಾರಿ ಮಾಡಿಕೊಡಲು ನೋಡಿದರು.

"ವರ್ನಾ, ಅಲ್ಲಿ ರೈಲು ಬರಲ್ಲ ಅಂತ ನಿಂಗೂ ಗೊತ್ತು. ಸ್ವಂತ ಗಾಡೀಲಿ ಇನ್ಮೇಲೆ ನಿಲ್ಲಲ್ಲ ಅಂತ ಒಂದು ಮಾತು ಹೇಳು, ಇಲ್ಲಿಗೇ ಮುಗಿಸ್ತೀನಿ."

ಲೈಲ್ ಬೆಂಚಿನ ಅಂಚಿಗೆ ಸರಿದ. ಹೇಳಿಬಿಟ್ಟರಾಯಿತು, ಆಮೇಲೆ ನಿಂತರೆ ನೋಡುವವರು ಯಾರು?

"ಆ ಮಾತು ಕೊಡಕ್ಕಾಗಲ್ಲ ಜಡ್ಜ್ ಸಾಹೇಬ್ರೆ. ಈ ಕಾಲು ತಾನಾಗೇ ಬ್ರೇಕ್ ಮೇಲೆ ಹೋಗತ್ತೆ. ಪಿಕಪ್ಪಲ್ಲಿ ಹೋಗಬೇಡ ಅಂತ ಅದಕ್ಕೆ ಕಲಿಸಿದ್ರೆ, ಒಂದಿನ ಬಸ್ಸಲ್ಲೂ ಹೋಗದೇ ಇರಬಹುದು. ಅವತ್ತು ನನ್ನ ಹಿಂದೆ ಮಕ್ಕಳಿರ್ತಾರೆ."

ಪ್ರೀಬಿ ಕನ್ನಡಕ ತೆಗೆದಿಟ್ಟರು. ಹಳಿ ಕಿತ್ತಿಲ್ಲ, ಎಚ್ಚರಿಕೆಯ ಫಲಕವೂ ಇನ್ನೂ ಅಲ್ಲೇ ಇದೆ. ಅದಕ್ಕೆ ಬೆಲೆ ಕೊಟ್ಟವಳನ್ನು ಕಾರಣವಿಲ್ಲದೆ ನಿಂತಳು ಎನ್ನಲಾಗದು ಎಂದು ಟಿಕೆಟ್ ವಜಾ ಮಾಡಿದರು. ಇಂಥ ಹಟಮಾರಿಗೆ ಕೈಮುಗಿಯದೆ ಇನ್ಯಾರಿಗೆ ಮುಗಿಯುವುದು?

ಹೊರಗೆ ಲೈಲ್ ಗಾಡಿಯ ಬಾಗಿಲು ತೆಗೆಯುವಷ್ಟರಲ್ಲಿ ರುಸ್ಸೋ ಹಿಂದೆಯೇ ಬಂದಳು. ಈಗಷ್ಟೇ ಕೇಸು ಸೋತ ಅವಳಿಗೆ ಮುಖ ಕೊಟ್ಟು ಮಾತಾಡಲು ಸಂಕೋಚ.

"ಕ್ರೀಮರಿ ರಸ್ತೆಗೆ ಬರೋದು ನಿಮ್ಮ ಬಸ್ಸೇನಾ?"

"ಹೌದು, ನಂದೇ."

"ಸೆಪ್ಟೆಂಬರಲ್ಲಿ ನನ್ನ ಮಗಳು ಶಾಲೆಗೆ ಸೇರ್ತಾಳೆ. ಬಸ್ಸಿಗೆ ಹಾಕೋದೇ ಬೇಡ, ದಿನಾ ನಾನೇ ಬಿಟ್ಟು ಬರೋಣ ಅಂದ್ಕೊಂಡಿದ್ದೆ."

ವರ್ನಾ ಮಗುವಿನ ಹೆಸರೇನೆಂದು ಕೇಳಿದಳು.