ಲೋಟಕ್ಕೆ ಬಿಪಿ ಇಲ್ಲ

ನನ್ನ ಗಂಟಲು ನನ್ನ ಮಾತು ಕೇಳುವುದಿಲ್ಲ. ಮಧುಗಿರಿ ಬಸ್ಸಿನ ಕಂಡಕ್ಟರ್, ಕೆಮ್ಮು ಹತ್ತಿದ ಕುರಿ, ಯಾರು ಸಿಕ್ಕರೂ ಅವರ ದನಿ ತೆಗೆಯುತ್ತದೆ. ಒಮ್ಮೆ ಫೋನಿನಲ್ಲಿ ನನ್ನದೇ ದನಿ ಕೇಳಿ, ಯಾವನಪ್ಪಾ ಇವನು ಮೂಗಲ್ಲಿ ಮಾತಾಡೋನು ಅಂದುಕೊಂಡಿದ್ದೆ. ಈ ವಿದ್ಯೆಯಿಂದ ಮನೆಗೆ ಮೂರು ಕಾಸಿನ ಉಪಯೋಗ ಇರಲಿಲ್ಲ, ಭಾವ ಪುಡಿಡಬ್ಬಿ ತರುವ ತನಕ.

ಭಾವ ಅಂದರೆ ಅಕ್ಕನ ಗಂಡ. ಪಾವಗಡದವರು. ಅರ್ಧ ಕನ್ನಡ, ಅರ್ಧ ತೆಲುಗು, ಈಚೆಗೆ ಪುಡಿ ಮಾರಲು ಹೊರಟ ಮೇಲೆ ಮಿಕ್ಕಿದ್ದೆಲ್ಲ ಇಂಗ್ಲಿಷು. ಒಂದು ಭಾನುವಾರ ಮಿಡಿಗೇಶಿ ಪಕ್ಕದ ನಮ್ಮ ಮನೆಗೆ ಬಂದು, ಜಗಲಿ ಮೇಲೆ ಗಾಜಿನ ಲೋಟ ಇಟ್ಟು, ನೀರಿಗೆ ಕಂದು ಹನಿ ಬಿಟ್ಟು, ನಮ್ಮಜ್ಜಿಯನ್ನು ಕರೆದು ನೋಡು ಅಂತ ತೋರಿಸಿದರು.

"ಚೂಡವ್ವಾ, ಇದು ನಿನ್ ರಕ್ತ. ವಯಸ್ಸಾದ್ರೆ ಮೈಯೆಲ್ಲ ಹಿಂಗೆ ತುಕ್ಕು ಹಿಡೀತೈತೆ. ಈ ಪುಡಿ ಆಂಟಿಆಕ್ಸಿಡೆಂಟ್. ನೂರು ವರ್ಷ ಗ್ಯಾರಂಟಿ."

ಒಂದು ಚಮಚ ಪುಡಿ ಬಿತ್ತು. ನೀರು ತಿಳಿಯಾಯಿತು. ಅಜ್ಜಿ ಬಾಯಿ ಬಿಟ್ಟಳು. ಅಷ್ಟಕ್ಕೇ ನಿಲ್ಲಿಸಿದ್ದರೆ ನಾನೂ ಸುಮ್ಮನಿರುತ್ತಿದ್ದೆ. ಭಾವ ಇನ್ನೊಂದು ಲೋಟದ ಕಂದು ನೀರಿಗೆ ಅಜ್ಜಿಯ ಬಿಪಿ ಮಾತ್ರೆ ಪುಡಿ ಮಾಡಿ ಹಾಕಿದರು. ಕಡುಕಪ್ಪು!

"ದಿನಾ ನುಂಗ್ತಿರೋದು ಇದನ್ನೇ ಅಲ್ವಾ?"

ಅಜ್ಜಿ ಅವತ್ತೇ ಮಾತ್ರೆ ಬಿಟ್ಟಳು. ಆ ವಾರವೇ ಕುರಿಮರಿ ಎತ್ತಿಕೊಳ್ಳಲು ಬಗ್ಗಿ ಎದ್ದವಳು ತಲೆ ತಿರುಗಿ ಕಂಬ ಹಿಡಿದುಕೊಂಡಳು. ಭಾವನಿಗೆ ಫೋನ್ ಮಾಡಿದರೆ, "ತುಕ್ಕು ಹೊರಗೆ ಬರ್ತಾ ಐತೆ, ಮಂಚಿದೇ, ಒಳ್ಳೇದೇ" ಅಂದರು. ನಮ್ಮಜ್ಜಿ ಬೀಳೋದು ಒಳ್ಳೇದಂತೆ! ಮಾತ್ರೆ ನುಂಗಜ್ಜಿ ಅಂತ ಬೇಡಿಕೊಂಡೆ. ಡಾಕ್ಟರ ದನಿಯಲ್ಲೂ ಬೇಡಿಕೊಂಡೆ.

"ಕಣ್ಣಾರೆ ಕಂಡಿದೀನಿ ಕಣ್ಲಾ. ನೀನು ಕೋತಿ, ಸುಮ್ಕಿರು."

ಸರಿ, ಕಣ್ಣಾರೆಯೇ ತೋರಿಸೋಣ ಅಂದುಕೊಂಡೆ. ಭಾವ ಬಿಟ್ಟ ಕಂದು ಹನಿ ಅಯೋಡಿನ್ನೇ ಇರಬೇಕು: ಗಂಜಿ ಅಂಶ ಇರುವ ಯಾವುದಕ್ಕೇ ಅದು ಬಿದ್ದರೂ ಕಪ್ಪಾಗುತ್ತದೆ, ವಿಟಮಿನ್ ಸಿ ಸೇರಿದರೆ ಬಣ್ಣ ಬಿಡುತ್ತದೆ. ಒದ್ದಾಡಿ ಪಾಸಾದ ಪಿಯುಸಿಯಿಂದ ನನ್ನ ತಲೆಯಲ್ಲಿ ಉಳಿದದ್ದು ಇದಿಷ್ಟೇ. ಮಾತ್ರೆ ಗಟ್ಟಿಯಾಗಿ ನಿಲ್ಲಲಿ ಅಂತ ಅದಕ್ಕೂ ಗಂಜಿಪುಡಿ ಬೆರೆಸುತ್ತಾರೆ. ಇನ್ನು ಕುರಿ ಗಾಯಕ್ಕೆ ಹಚ್ಚುವ ಟಿಂಚರ್ ಅಯೋಡಿನ್ ನಮ್ಮ ಗೋಡೆಗೂಡಿನಲ್ಲೇ ಇತ್ತು.

ಮುಂದಿನ ಭಾನುವಾರ ಭಾವ ಬಂದು ಕೂತ ಮೇಲೆ ನಾನೂ ಎರಡು ಲೋಟ ಇಟ್ಟೆ. ನೀರಿಗೆ ಟಿಂಚರ್ ಹನಿ ಬಿಟ್ಟು, ಅವರದೇ ದನಿ ತೆಗೆದೆ: "ಚೂಡವ್ವಾ, ಇದು ನಿನ್ ರಕ್ತ."

ಅಜ್ಜಿ ನಕ್ಕಳು. ಭಾವ ನಗಲಿಲ್ಲ.

ಮೊದಲ ಲೋಟಕ್ಕೆ ಬೆಟ್ಟದ ನೆಲ್ಲಿಕಾಯಿ ಜಜ್ಜಿ ಹಿಂಡಿದೆ. ನೀರು ತಿಳಿಯಾಯಿತು.

"ಹಂಗಾರೆ ನೆಲ್ಲಿಕಾಯೇ ಸಾಕಲ್ಲ, ಮಾತ್ರೆ ಯಾಕ್ಲಾ?" ಅಂದಳು ಅಜ್ಜಿ.

ನನ್ನ ಬಾಣ ನನಗೇ ತಿರುಗಿತ್ತು. ಬೇಗ ಬೇಗ ಎರಡನೇ ಲೋಟಕ್ಕೆ ರಾಗಿಮುದ್ದೆಯ ಚೂರು ಹಾಕಿ ಕಲಕಿದೆ. ಕಡುಕಪ್ಪು. ಅಜ್ಜಿ ಎದ್ದೇ ನಿಂತಳು.

"ಮುದ್ದೆನೂ ವಿಷ ಅಂತೀಯೇನ್ಲಾ? ನಿಮ್ಮಪ್ಪನ್ನ ಸಾಕಿದ್ದು ಇದೇ ಮುದ್ದೆ ಕಣ್ಲಾ!"

"ನಾನೆಲ್ಲಜ್ಜಿ ಅಂದೆ? ಲೋಟ ಅಂತೈತೆ."

"ಲೋಟಕ್ಕೇನ್ಲಾ ಗೊತ್ತು ನನ್ ಮೈ ವಿಚಾರ?"

"ಅದೇ ಕಣಜ್ಜಿ. ಲೋಟಕ್ಕೆ ಬಿಪಿ ಇಲ್ಲ. ನಿನಗೈತೆ."

ನೆಲ್ಲಿಕಾಯಿ, ಸೊಪ್ಪು ತಿನ್ನೋದು ಒಳ್ಳೆಯದೇ. ಅದರೊಳಗಿನ ಆಂಟಿಆಕ್ಸಿಡೆಂಟಿಗೂ ನನಗೂ ಜಗಳವಿಲ್ಲ. ನೂರು ವರ್ಷದ ಆಸೆ ತೋರಿಸಿ ಇವತ್ತಿನ ಮಾತ್ರೆ ಕಿತ್ತುಕೊಂಡರಲ್ಲ, ಜಗಳ ಅದಕ್ಕೆ. ಭಾವನಾದರೂ ಸರಿ, ಬ್ರಹ್ಮನಾದರೂ ಸರಿ.

ಭಾವ ಪುಡಿಡಬ್ಬಿಯನ್ನು ತಮ್ಮ ಹತ್ತಿರಕ್ಕೆ ಎಳೆದುಕೊಂಡರು. "ತುಕ್ಕು ಹೊರಗೆ ಬರ್ತಾ ಐತೆ, ಮಂಚಿದೇ" ಅಂತ ಅವರ ಪರವಾಗಿ ನಾನೇ ಹೇಳಿದೆ.

ಅಜ್ಜಿ ಒಳಗೆ ಹೋಗಿ ಮಾತ್ರೆ ತಂದು, ನಮ್ಮಿಬ್ಬರ ಎದುರಿಗೇ ನುಂಗಿದಳು. "ನಾಳೆ ಮಧುಗಿರಿಗೆ ಡಾಕ್ಟರತ್ರ ಕರ್ಕಂಡೋಗ್ಲಾ" ಅಂದು, ಉಳಿದ ನೆಲ್ಲಿಕಾಯಿಗೆ ಉಪ್ಪು ಹಚ್ಚಿ ಕಚ್ಚಿದಳು. ಆಮೇಲೆ ಭಾವನ ಮುಂದೆ ತಟ್ಟೆ ಇಟ್ಟು, ಬಿಸಿ ಮುದ್ದೆ ಹಾಕಿ, ಸೊಪ್ಪಿನ ಸಾರು ಸುರಿದಳು.

"ಉಣ್ಣಿ ಅಳಿಯಂದ್ರೇ. ಒಳಗೆ ಕಪ್ಪಾದ್ರೆ ನಿಮ್ ಪುಡಿ ಐತಲ್ಲ."

ಭಾವ ಎರಡು ಮುದ್ದೆ ಉಂಡರು. ಡಬ್ಬಿಯ ಮುಚ್ಚಳ ತೆಗೆಯಲಿಲ್ಲ.