ಗೋಡೆಯ ಮೇಲಿನ ಬೆರಾತ್

ಅಮೆರಿಕದ ಸಮರ್‌ಸೆಟ್‌ನ ಅಪಾರ್ಟ್‌ಮೆಂಟಿಗೆ ಬಂದ ಮೊದಲ ವರ್ಷ ಕೌಸಲ್ಯಾ ಒಬ್ಬಳೇ ಎಲ್ಲಿಗೂ ಹೋಗಲಿಲ್ಲ. ಇದ್ದ ಒಂದೇ ಕಾರನ್ನು ಗಂಡ ದಿವಾಕರ ಬೆಳಿಗ್ಗೆ ಲ್ಯಾಬಿಗೆ ತೆಗೆದುಕೊಂಡು ಹೋದರೆ ಕತ್ತಲಾದ ಮೇಲೆ ಬರುತ್ತಿದ್ದ. ಹೊರಗಿನ ರಸ್ತೆಗೆ ಫುಟ್‌ಪಾತ್ ಇಲ್ಲ, ಬಸ್ಸೂ ಇಲ್ಲ. ಮೈಸೂರಿನ ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಮಾಡುತ್ತಿದ್ದವಳು. ಇಲ್ಲಿ ಅವಳ ವೀಸಾದಲ್ಲಿ ಕೆಲಸಕ್ಕೆ ಸೇರುವ ಹಾಗಿರಲಿಲ್ಲ. ಅಡಿಗೆ ಮುಗಿಸಿ ಕಿಟಕಿಯ ಬಳಿ ನಿಂತರೆ ಪಾರ್ಕಿಂಗ್ ಲಾಟು, ಅದರಾಚೆ ಭರ್ರನೆ ಹೋಗುವ ಕಾರುಗಳು.

ದ್ರಿತಾ ಸಿಕ್ಕಿದ್ದು ಕೆಳಗಿನ ಲಾಂಡ್ರಿ ರೂಮಿನಲ್ಲಿ, ಸಾವಿರದ ಒಂಬೈನೂರ ಎಪ್ಪತ್ತೆರಡರ ಚಳಿಗಾಲದಲ್ಲಿ. ಅರವತ್ತು ದಾಟಿದ ವಿಧವೆ, ಪಿಜ್ಜಾ ಅಂಗಡಿ ನಡೆಸುವ ಮಗನ ಜೊತೆ ಮೇಲಿನ ಮಹಡಿಯಲ್ಲಿದ್ದಳು. ಅಲ್ಬೇನಿಯಾದ ಬೆರಾತ್ ಎಂಬ ಊರಿನವಳು. ಎರಡನೇ ಮಹಾಯುದ್ಧ ಮುಗಿದು ಕಮ್ಯುನಿಸ್ಟ್ ಸರ್ಕಾರ ಬಂದಾಗ ಗಂಡನೊಂದಿಗೆ ಗಡಿ ದಾಟಿ ಓಡಿಬಂದವಳಿಗೆ ಮತ್ತೆ ಆ ದೇಶದ ಬಾಗಿಲು ತೆರೆಯಲಿಲ್ಲ. ಊರಲ್ಲೇ ಉಳಿದ ತಮ್ಮ ಬದುಕಿದ್ದಾನೋ ಇಲ್ಲವೋ ತಿಳಿಯದು. ವಿಚಾರಿಸಿದರೆ ಅವನಿಗೇ ಕಷ್ಟ ಎಂದು ಸುಮ್ಮನಿದ್ದಳು.

ಇಬ್ಬರದೂ ಮುರುಕು ಇಂಗ್ಲಿಷು, ಆದರೂ ಸ್ನೇಹ ಬೆಳೆಯಿತು. ಬಟ್ಟೆ ಒಣಗುವ ತನಕ ದ್ರಿತಾ ಕೌಸಲ್ಯಾಳನ್ನು ಮಾತಿನಲ್ಲೇ ತನ್ನೂರಿಗೆ ಕರೆಯುತ್ತಿದ್ದಳು.

"ಬಂದ ದಿನ ಏನೂ ಮಾಡಬೇಡ. ಹೊಳೆ ದಂಡೆಯಲ್ಲಿ ಕೂತು ಕಾಫಿ ಕುಡಿ. ಮಾರನೆ ದಿನ ಕೋಟೆಗೆ ಕರೆದುಕೊಂಡು ಹೋಗ್ತೀನಿ. ಕಲ್ಲು ಜಾರುತ್ತೆ, ಸೀರೆ ಎತ್ತಿ ಹಿಡಿದುಕೋ. ಕೋಟೆ ಒಳಗೇ ಜನ ಸಂಸಾರ ಮಾಡ್ತಾರೆ, ಯಾರಾದರೂ ಕರೆದು ಅಂಜೂರದ ಮುರಬ್ಬ ಕೊಡ್ತಾರೆ. ಸಂಜೆ ಇಡೀ ಊರು ರಸ್ತೆಗೆ ಬರುತ್ತೆ."

"ಏನು ವಿಶೇಷ?"

"ಏನೂ ಇಲ್ಲ. ಈ ತುದಿಯಿಂದ ಆ ತುದಿಗೆ ನಡೆಯೋದು, ಎದುರಿಗೆ ಬಂದವರನ್ನು ಮಾತಾಡಿಸೋದು."

ಮೈಸೂರಿನ ಸಯ್ಯಾಜಿರಾವ್ ರಸ್ತೆಯ ಸಂಜೆಗಳು ಕೌಸಲ್ಯಾಳ ಕಣ್ಣಿಗೆ ಕಟ್ಟಿದವು.

ಏಪ್ರಿಲ್‌ನ ಒಂದು ಸಂಜೆ ಇಬ್ಬರೂ ಧೈರ್ಯಮಾಡಿ ರಸ್ತೆಯ ಅಂಚಿನಲ್ಲಿ ನಡೆದರು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಪೊಲೀಸ್ ಕಾರು ಪಕ್ಕಕ್ಕೆ ಬಂದು ನಿಂತಿತು. ಎಲ್ಲಿಗೆ ಹೋಗಬೇಕು ಎಂದು ಕೇಳಿದ ಆತ, ಸಭ್ಯನೇ. ಎಲ್ಲಿಗೂ ಇಲ್ಲ ಎಂದರೆ ಅವನಿಗೆ ಅರ್ಥವಾಗಲಿಲ್ಲ. ಸಮವಸ್ತ್ರ ಕಂಡು ದ್ರಿತಾ ಕೌಸಲ್ಯಾಳ ಹಿಂದೆ ಸರಿದಳು. ಇಬ್ಬರನ್ನೂ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ತಂದು ಬಾಗಿಲಿಗೆ ಬಿಟ್ಟ.

"ಪೊಲೀಸ್ ಕಾರಲ್ಲಿ ಮನೆಗೆ ಬರೋದಾ? ನೇಬರ್ಸ್ ಏನಂದ್ಕೋತಾರೆ?" ಎಂದ ದಿವಾಕರ.

"ಹಾಗಾದ್ರೆ ನನಗೆ ಡ್ರೈವಿಂಗ್ ಹೇಳಿಕೊಡಿ."

"ಈ ಪ್ರಾಜೆಕ್ಟ್ ಮುಗೀಲಿ, ನೋಡೋಣ."

ಪ್ರಾಜೆಕ್ಟು ಮುಗಿಯಲಿಲ್ಲ. ಶರತ್ಕಾಲದಲ್ಲಿ ಅವನ ಸಹೋದ್ಯೋಗಿ ಪೀಟರ್, ಹಾಲೆಂಡಿನವನು, ರಜೆಗೆ ಎಲ್ಲ ಬಿಟ್ಟು ಅಲ್ಬೇನಿಯಾಕ್ಕೆ ಹೋಗಿಬಂದ. ಅಮೆರಿಕದವರಿಗೆ ಅಲ್ಲಿ ಪ್ರವೇಶವಿಲ್ಲ. ಅವನ ಪಾಸ್‌ಪೋರ್ಟಿಗೆ ಗ್ರೂಪ್ ಟೂರಿನಲ್ಲಿ ಅವಕಾಶ ಸಿಕ್ಕಿತ್ತು. ಒಂದು ಭಾನುವಾರ ಮಧ್ಯಾಹ್ನ ಅಲ್ಲಿ ತೆಗೆದ ಫೋಟೋಗಳ ಸ್ಲೈಡ್ ತೋರಿಸಲು ಮನೆಗೆ ಕರೆದಾಗ ಕೌಸಲ್ಯಾ ಗಂಡನನ್ನು ಒಪ್ಪಿಸಿ ದ್ರಿತಾಳನ್ನೂ ಕರೆದುಕೊಂಡು ಹೋದಳು.

ಪರದೆ ಎಳೆದ ಕೋಣೆಯ ಗೋಡೆಯ ಮೇಲೆ ಕಡಲತೀರ, ಪ್ರತಿಮೆಗಳು ಬಂದುಹೋದವು. ಆಮೇಲೆ ಗುಡ್ಡದ ಮೈತುಂಬ ಬಿಳಿ ಮನೆಗಳು, ಬರೀ ಕಿಟಕಿಗಳು. ದ್ರಿತಾ ಕುರ್ಚಿಯ ತುದಿಗೆ ಸರಿದಳು.

"ಸಂಜೆ ನಡೆದಾಡಿದಿರಾ?" ಎಂದು ಕೇಳಿದಳು.

"ಎಲ್ಲಿ! ಗೈಡ್ ಬಿಡಲಿಲ್ಲ," ಎಂದು ಪೀಟರ್ ನಕ್ಕ. "ಕೋಟೆ, ಮ್ಯೂಸಿಯಂ, ಬಟ್ಟೆ ಗಿರಣಿ ತೋರಿಸಿ ಹೋಟೆಲಿಗೆ ಕರೆತಂದರು. ಜನ ಓಡಾಡೋದನ್ನ ಬಾಲ್ಕನಿಯಿಂದ ನೋಡಿದೆವು. ಆಮೇಲೆ ಇಸ್ಪೀಟು."

ಮುಂದಿನ ಸ್ಲೈಡು ಆ ಬಾಲ್ಕನಿಯಿಂದಲೇ ತೆಗೆದದ್ದು. ರಸ್ತೆಯ ತುಂಬ ಜನ, ಒಂದೊಂದು ಮುಖವೂ ಸಾಸಿವೆ ಕಾಳಿನಷ್ಟು. ದ್ರಿತಾ ಎದ್ದು ಗೋಡೆಯ ಹತ್ತಿರ ಹೋದಳು. ಹತ್ತಿರ ಹೋದಷ್ಟೂ ಅವಳ ನೆರಳೇ ಜನರ ಮೇಲೆ ಬಿದ್ದು ಮುಚ್ಚಿತು. ಆ ಪಕ್ಕಕ್ಕೆ ಸರಿದಳು, ಈ ಪಕ್ಕಕ್ಕೆ ಬಾಗಿದಳು. ಮುಂದಿನ ಸ್ಲೈಡಿಗೆಂದು ಪೀಟರ್ ಪ್ರೊಜೆಕ್ಟರಿನ ಗುಂಡಿಗೆ ಕೈಯಿಟ್ಟ.

"ಪ್ಲೀಸ್, ಸ್ವಲ್ಪ ಇರಿ," ಎಂದಳು ಕೌಸಲ್ಯಾ. ಅವಳ ದನಿ ಅವಳಿಗೇ ಜೋರೆನಿಸಿತು.

ವಾಪಸು ಬರುವಾಗ ದಿವಾಕರ ಖುಷಿಯಾಗಿದ್ದ. "ಒಳ್ಳೇ ಊರು ಕಣೇ. ನಮ್ಮ ಪಾಸ್‌ಪೋರ್ಟಿಗೆ ಬಹುಶಃ ಪ್ರಾಬ್ಲಮ್ ಇಲ್ಲ. ಒಂದ್ಸಲ ಹೋಗಿಬರಬಹುದು."

ಕನ್ನಡದಲ್ಲಿ ಏನು ಹೇಳಿದರು ಎಂದು ಹಿಂದಿನ ಸೀಟಿನಿಂದ ದ್ರಿತಾ ಕೇಳಿದಳು.

"ನಿಮ್ಮೂರು ಚೆನ್ನಾಗಿದೆಯಂತೆ."

ದ್ರಿತಾ ತಲೆಯಾಡಿಸಿದಳು. "ಟೋಪಿ ಹಾಕಿದವನೊಬ್ಬ ನನ್ನ ತಮ್ಮನ ಹಾಗೆ ಬೆನ್ನ ಹಿಂದೆ ಕೈಕಟ್ಟಿಕೊಂಡಿದ್ದ. ಅವನೇ ಅಂದುಕೊಳ್ತೀನಿ. ಯಾರಿಗೇನು ನಷ್ಟ?"

ಮುಂದಿನ ವರ್ಷ ಮಗ ಅಂಗಡಿ ಮಾರಿ ಡೆಟ್ರಾಯಿಟ್‌ಗೆ ಹೋದ, ದ್ರಿತಾಳೂ ಹೋದಳು. ಎಪ್ಪತ್ತೇಳನೇ ಇಸವಿಯಲ್ಲಿ ಅಲ್ಲೇ ತೀರಿಕೊಂಡಳು.

ದ್ರಿತಾ ಡೆಟ್ರಾಯಿಟ್‌ಗೆ ಹೋದ ಮೇಲೆ ಕೌಸಲ್ಯಾ ಗಂಡನನ್ನು ಕಾಯುವುದು ಬಿಟ್ಟು, ಮನೆ ಬಾಗಿಲಿಗೆ ಬರುವ ಡ್ರೈವಿಂಗ್ ಮಾಸ್ತರರಿಂದ ಕಲಿತಳು. ಎರಡು ಸಲ ಫೇಲಾಗಿ ಎಪ್ಪತ್ತೈದರಲ್ಲಿ ಲೈಸೆನ್ಸ್ ಪಡೆದಳು. ಕಾರು ಮಾತ್ರ ಒಂದೇ.

"ಬೆಳಿಗ್ಗೆ ನಾನೇ ನಿಮ್ಮನ್ನ ಡ್ರಾಪ್ ಮಾಡಿ ಕಾರ್ ತರ್ತೀನಿ," ಎಂದಳು.

"ನಾನು ಲಂಚ್‌ಗೆ ಆಚೆ ಹೋಗಬೇಕಾದ್ರೆ?"

"ಡಬ್ಬಿ ಕಟ್ಟಿಕೊಡ್ತೀನಿ ರೀ."

ಮೊದಲ ದಿನ ಅವನನ್ನು ಇಳಿಸಿ ಲ್ಯಾಬಿನ ಗೇಟಿನ ಹೊರಗೆ ಕಾರು ನಿಲ್ಲಿಸಿದಳು. ಬಲಕ್ಕೋ ಎಡಕ್ಕೋ? ಎರಡೂ ಕಡೆ ರಸ್ತೆ ಖಾಲಿ. ದ್ರಿತಾ ಇದ್ದದ್ದು ದೂರದ ಡೆಟ್ರಾಯಿಟ್‌ನಲ್ಲಿ; ಈ ಊರಿನಲ್ಲಿ ತಾನು ಹೋದರೆ ಬಾ ಎನ್ನುವವರು ಒಬ್ಬರೂ ನೆನಪಾಗಲಿಲ್ಲ. ಹಿಂದಿನ ಕಾರು ಹಾರ್ನ್ ಮಾಡಿತು. ಎಡಕ್ಕೆ ತಿರುಗಿಸಿ, ಗೊತ್ತಿದ್ದ ದಾರಿಯಲ್ಲಿ ಮನೆಗೇ ಬಂದಳು.